ಹೊಸ ವೀಲ್, ಹಳೇ ಹಬ್: 1971ರ ಒಂದು ಎಂಜಿಬಿ ಕಾರಿನ ಪೂರ್ತಿ ಪ್ರಕರಣ

ಸದ್ದಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಇಡೀ ಕಥೆ ಶುರುವಾಗಿದ್ದು ಅಲ್ಲಿಂದಾನೇ. ಮನೆ ಮುಂದೆ ರಿವರ್ಸ್ ತಗೊಂಡು ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟ ತಕ್ಷಣ ಹಿಂದುಗಡೆಯಿಂದ "ಟಕ್" ಅಂತ ಒಂದೇ ಒಂದು ಸದ್ದು. ಆಮೇಲೆ ಹತ್ತು ಮೈಲಿ ಹೋದ್ರೂ ಏನೂ ಇಲ್ಲ. ಎಲ್ಲಾದ್ರೂ ಜೋರಾಗಿ ಬ್ರೇಕ್ ಹಾಕಿ ನಿಂತು ಮತ್ತೆ ಹೊರಟ್ರೆ ಮತ್ತೆ "ಟಕ್". ಕೇಳಿದೋರೆಲ್ಲ "ಹಳೇ ಕಾರು, ಏನಾದ್ರೂ ಒಂದು ಸದ್ದು ಇದ್ದೇ ಇರುತ್ತೆ ಬಿಡಿ" ಅಂದ್ರು. ನಂಗೆ ಬಿಡಕ್ಕಾಗ್ಲಿಲ್ಲ, ಯಾಕಂದ್ರೆ ಆ ಕಾರಿಗೆ ಹೊಸ ವೀಲ್ ಹಾಕ್ಸಿ ಇನ್ನೂ ಹದಿನಾಲ್ಕು ತಿಂಗಳಾಗಿತ್ತು ಅಷ್ಟೇ.

ಕಾರು 1971ರ ಎಂಜಿಬಿ ರೋಡ್‌ಸ್ಟರ್, ಅಂದ್ರೆ ಎಂಜಿ ಅನ್ನೋ ಬ್ರಿಟಿಷ್ ಕಂಪನಿಯ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು, ಕ್ರೋಮ್ ಬಂಪರ್ ಇರೋದು. ನಾವಿರೋದು ಇಂಗ್ಲೆಂಡಿನ ಡಿಡ್‌ಕಾಟ್‌ನಲ್ಲಿ, ಇದನ್ನ ತಯಾರಿಸಿದ ಆಬಿಂಗ್ಡನ್ ಫ್ಯಾಕ್ಟರಿ ಇದ್ದ ಊರು ಇಲ್ಲಿಂದ ಹತ್ತು ಹನ್ನೊಂದು ಕಿಲೋಮೀಟರ್. 1962ರಿಂದ 1980ರವರೆಗೆ ಅಲ್ಲಿ 5 ಲಕ್ಷಕ್ಕೂ ಜಾಸ್ತಿ ಎಂಜಿಬಿ ಆಚೆ ಬಂದಿವೆ, 1980ರ ಅಕ್ಟೋಬರ್‌ನಲ್ಲಿ ಫ್ಯಾಕ್ಟರಿ ಮುಚ್ಚಿದ್ರು. 1798 ಸಿಸಿ ಇಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಮುಂದೆ ಡಿಸ್ಕ್, ಹಿಂದೆ ಡ್ರಮ್ಮು ಮತ್ತೆ ಲಾರಿ ಥರ ಲೀಫ್ ಸ್ಪ್ರಿಂಗ್. ಇದ್ರಲ್ಲಿ ಒಗಟು ಅಂತ ಏನಿಲ್ಲ, ಸ್ಪಾನರ್ ಹಿಡಿಯಕ್ಕೆ ಬಂದೋರು ಯಾರು ಬೇಕಾದ್ರೂ ಬಿಚ್ಚಿ ಜೋಡಿಸಬಹುದು. ಆದ್ರೆ ಸ್ಪಾನರ್ ಇಂಚಿನ ಸೈಜಿಂದು ಬೇಕು, ಊರಿಂದ ತಂದಿದ್ದ ಮಿಲಿಮೀಟರ್ ಸೆಟ್ ಇದ್ರ ಒಂದು ನಟ್ಟಿಗೂ ನೆಟ್ಟಗೆ ಕೂರಲ್ಲ.

ಈ ಕಾರಿಗೆ ಫ್ಯಾಕ್ಟರಿಯಿಂದಾನೇ ವೈರ್ ವೀಲ್ ಬಂದಿತ್ತು. ಆ ಕಾಲದಲ್ಲಿ ಮಾಮೂಲಿ ಕಾರಿಗೆ ರೋಸ್ಟೈಲ್ ಅನ್ನೋ ಸ್ಟೀಲ್ ವೀಲ್ ಕೊಡ್ತಿದ್ರು, ಜಾಸ್ತಿ ದುಡ್ಡು ಕೊಟ್ಟೋರಿಗೆ ಕಡ್ಡಿ ಇರೋ ವೈರ್ ವೀಲ್. 14 ಇಂಚು, ನಾಲ್ಕೂವರೆ ಇಂಚು ಅಗಲ, ಒಂದು ವೀಲಿಗೆ 60 ಕಡ್ಡಿ. ನಾನು ತಗೊಂಡಾಗ ಆ ವೀಲ್‌ಗಳು ತುಕ್ಕು ಹಿಡಿದು, ಅಲ್ಲಲ್ಲಿ ಕಡ್ಡಿ ಮುರಿದು ನೋಡಕ್ಕಾಗ್ತಿರ್ಲಿಲ್ಲ. ಮೊದಲ ವರ್ಷವೇ ಐದು ಹೊಸ ಕ್ರೋಮ್ ವೀಲ್ ತಗೊಂಡೆ, 72 ಕಡ್ಡಿದು, ಐದೂವರೆ ಇಂಚು ಅಗಲದ್ದು. ಸಾವಿರ ಪೌಂಡ್ ಮೇಲೆ ಹೋಯ್ತು. ಮಾರಿದವ್ರನ್ನ ಕೇಳ್ದೆ, ಹಬ್ (ಆಕ್ಸಲ್ ತುದಿಲಿ ವೀಲ್ ಕೂರೋ ಭಾಗ) ಬದಲಾಯಿಸ್ಬೇಕಾ ಅಂತ. "ಬೇಕಿಲ್ಲ, ಹಾಗೇ ಹಾಕ್ಕೊಳ್ಳಿ" ಅಂದ್ರು. ಹಾಗೇ ಹಾಕ್ದೆ. ಬಿಸಿಲಲ್ಲಿ ನಿಲ್ಸಿದ್ರೆ ಕಣ್ಣು ಕೋರೈಸೋದು, ಬೀದಿಲಿ ಹೋಗೋರು ನಿಂತು ನೋಡೋರು, ನಂಗೂ ಖುಷಿ.

ಸದ್ದು ಶುರುವಾದಾಗ ನಾನು ಮೊದಲು ವೀಲ್ ಮೇಲೆ ಅನುಮಾನಾನೇ ಪಡ್ಲಿಲ್ಲ. ಹೊಸದಲ್ವಾ ಅಂತ. ಎಂಜಿಬಿಲಿ ಈ ಥರ ಟಕ್ ಅನ್ನಕ್ಕೆ ಬೇಕಾದಷ್ಟು ಕಾರಣ ಇವೆ. ಇಂಜಿನ್ ಬಲ ಹಿಂದಕ್ಕೆ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಅದ್ರ ತುದಿಲಿರೋ ಬಾಗೋ ಕೀಲು) ಸವೆದಿರಬಹುದು, ಹಿಂದಿನ ಆಕ್ಸಲ್ ಒಳಗೆ ಎರಡೂ ವೀಲಿಗೆ ಬಲ ಹಂಚೋ ಡಿಫರೆನ್ಷಿಯಲ್‌ನ ತ್ರಸ್ಟ್ ವಾಷರ್ ಸವೆದಿರಬಹುದು (ಇದು ಈ ಕಾರಿನ ಹಳೇ ಕಾಯಿಲೆ), ಲೀಫ್ ಸ್ಪ್ರಿಂಗ್ ಹಿಡಿದಿರೋ ಯು ಬೋಲ್ಟ್ ಸಡಿಲ ಆಗಿರಬಹುದು. ನಾನು ಕ್ರಾಸ್ ಎರಡೂ ಬದಲಾಯಿಸ್ದೆ, ಒಂದು ಶನಿವಾರ ಪೂರ್ತಿ ಹೋಯ್ತು, ಸದ್ದು ಇದ್ದಂಗೇ ಇತ್ತು. ಯು ಬೋಲ್ಟ್ ಬಿಗಿ ಮಾಡ್ದೆ, ಅದೂ ಅಲ್ಲ.

ಅವತ್ತು ರಾತ್ರಿ ಮಾವಂಗೆ ವಿಡಿಯೋ ಕಾಲ್ ಮಾಡಿದ್ದೆ. ಅಮ್ಮನ ತಮ್ಮ, ಅರಸೀಕೆರೆಲಿ ಮೂವತ್ತು ವರ್ಷ ಸೈಕಲ್ ಶಾಪ್ ಇಟ್ಕೊಂಡಿದ್ದೋರು. ಕಾರು ಅವರ ವಿಷಯ ಅಲ್ಲ, ಆದ್ರೆ ಕಡ್ಡಿ ಅಂದ ತಕ್ಷಣ ಕನ್ನಡಕ ಹಾಕ್ಕೊಂಡು ಕೂತ್ರು. ಫೋನ್ ಹಿಡ್ಕೊಂಡು ವೀಲ್ ತೋರಿಸ್ತಾ ಸಣ್ಣ ಸ್ಪಾನರ್‌ನಲ್ಲಿ ಒಂದೊಂದೇ ಕಡ್ಡಿ ತಟ್ಟು ಅಂದ್ರು. ಎಲ್ಲಾ ಒಂದೇ ಥರ "ಟಿಂಗ್" ಅಂತಿದ್ವು, ಸಡಿಲ ಆಗಿರೋ ಕಡ್ಡಿ ಇದ್ರೆ ಅದೊಂದು ಮಾತ್ರ "ಡಬ್" ಅನ್ನುತ್ತೆ. ಮಾವ ಹೇಳಿದ್ದು ಇಷ್ಟು: "ಕಡ್ಡಿ ಚೆನ್ನಾಗವೆ ಕಣೋ. ಕಡ್ಡಿ ಸಡ್ಲ ಆದ್ರೆ ಕಿರಕಿರ ಅನ್ಬೇಕು, ಟಕ್ ಅನ್ನಲ್ಲ. ಏನೋ ಒಂದು ಕೂತಿರೋ ಜಾಗ ಬಿಟ್ಟು ಆ ಕಡೆ ಈ ಕಡೆ ಹೋಗಿ ಕೂರ್ತಾ ಐತೆ. ಗಾಲಿ ಬಿಚ್ಚಿ ಹಬ್ ನೋಡು." ನಾನು "ಹೊಸ ಗಾಲಿ ಮಾವ" ಅಂದೆ. "ಗಾಲಿ ಹೊಸದು, ಹಬ್ಬು?" ಅಂದ್ರು.

ಮಾರನೇ ದಿನ ಹಿಂದಿನ ಎಡಗಡೆ ವೀಲ್ ಜಾಕ್ ಮೇಲೆ ಎತ್ತಿ, ಹೆಂಡತಿನ ಕಾರಲ್ಲಿ ಕೂರಿಸಿ ಬ್ರೇಕ್ ಒತ್ತಿ ಹಿಡ್ಕೊ ಅಂದು, ಎರಡೂ ಕೈಲಿ ಟೈರ್ ಹಿಡಿದು ತಿರುಗಿಸ್ದೆ. ಬ್ರೇಕ್ ಹಿಡಿದಿದೆ, ಡ್ರಮ್ಮು ಅಲ್ಲಾಡ್ತಿಲ್ಲ, ಆದ್ರೂ ಟೈರ್ ಹತ್ರ ನಾಲ್ಕೈದು ಮಿಲಿಮೀಟರ್ ಆ ಕಡೆ ಈ ಕಡೆ ಆಡ್ತಿದೆ, ಪ್ರತಿ ಸಲಾನೂ "ಟಕ್, ಟಕ್". ಬಿಚ್ಚಿ ನೋಡಿದ್ರೆ ಹಬ್ ಮೇಲಿನ ಹಲ್ಲುಗಳು, ಸ್ಪ್ಲೈನ್ ಅಂತಾರಲ್ಲ ಅವು, ಸರಿ ಇದ್ರೆ ತಲೆ ಮೇಲೆ ಚಪ್ಪಟೆಯಾಗಿರಬೇಕು. ನಂದು ಗರಗಸದ ಹಲ್ಲಿನ ಥರ ಚೂಪಾಗಿತ್ತು, ಅದೂ ಒಂದು ಪಕ್ಕಕ್ಕೆ ವಾಲಿ. ಬೆರಳಾಡಿಸಿದ್ರೆ ಚರ್ಮ ಹಿಡಿಯೋದು. ಹಳೇ ಗ್ರೀಸ್ ಒಣಗಿ ಅದ್ರ ಜೊತೆ ಕಬ್ಬಿಣದ ಪುಡಿ ಸೇರಿ ಇಟ್ಟಿಗೆ ಪುಡಿ ಥರ ಕೆಂಪಗೆ ಉದುರ್ತಿತ್ತು. ಇನ್ನು ನನ್ನ ಹೊಸ ಕ್ರೋಮ್ ವೀಲ್ ತಿರುಗಿಸಿ ಒಳಗಡೆ ಟಾರ್ಚ್ ಬಿಟ್ಟು ನೋಡಿದ್ರೆ, ಅಲ್ಲೂ ಹಲ್ಲು ಸವೆಯಕ್ಕೆ ಶುರುವಾಗಿದೆ. ಮೂರು ಸಾವಿರ ಮೈಲಿಗೆ.

ಯಾಕೆ ಹೀಗಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು. ಮಾಮೂಲಿ ಕಾರಲ್ಲಿ ವೀಲ್‌ನ ನಾಲ್ಕೋ ಐದೋ ಬೋಲ್ಟ್ ಹಾಕಿ ಹಬ್‌ಗೆ ಬಿಗೀತಾರೆ, ಎರಡೂ ಒಂದೇ ತುಂಡಾದಂಗೆ. ಇದ್ರಲ್ಲಿ ಹಾಗಲ್ಲ, ವೀಲ್ ಹೋಗಿ ಹಲ್ಲಿರೋ ಹಬ್ ಮೇಲೆ ಕೂರುತ್ತೆ, ಹೊರಗಡೆಯಿಂದ ಮಧ್ಯದಲ್ಲಿ ಒಂದೇ ಒಂದು ದೊಡ್ಡ ನಟ್. ಎತ್ತಿನ ಗಾಡಿಗೆ ಕಡಾಣಿ ಇದ್ದಂಗೆ ಅಂತ ಮೊದಮೊದಲು ನಾನೂ ಅಂದ್ಕೊಂಡಿದ್ದೆ, ಆದ್ರೆ ಕಡಾಣಿ ಗಾಲಿ ಆಚೆ ಬೀಳದಂಗೆ ತಡೆಯುತ್ತೆ ಅಷ್ಟೇ, ಇಲ್ಲಿ ಆ ನಟ್ ಅದಕ್ಕಿಂತ ದೊಡ್ಡ ಕೆಲಸ ಮಾಡುತ್ತೆ. ಹಬ್‌ನ ಒಳತುದಿಲಿ ಒಂದು ಇಳಿಜಾರು, ನಟ್ಟಿನ ಒಳಮೈಲಿ ಇನ್ನೊಂದು ಇಳಿಜಾರು, ವೀಲ್ ಇವೆರಡರ ನಡುವೆ ಸಿಕ್ಕಿ ಸೆಂಟರ್ ಆಗುತ್ತೆ. ಹಲ್ಲುಗಳ ಕೆಲಸ ವೀಲ್‌ನ ತಿರುಗಿಸೋದು ಮತ್ತೆ ನಿಲ್ಲಿಸೋದು. ನಟ್ ಸ್ವಲ್ಪ ಸಡಿಲ ಇದ್ರೆ, ಇಲ್ಲಾ ಹಬ್ ಹಲ್ಲು ಆಗ್ಲೇ ಸವೆದಿದ್ರೆ, ಪ್ರತಿ ಸಲ ಬ್ರೇಕ್ ಹಾಕಿದಾಗ, ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗ ವೀಲ್ ಒಂದು ಕೂದಲೆಳೆ ಜಾರಿ ಹಲ್ಲಿಗೆ ಹೊಡೆಯುತ್ತೆ. ಸವೆದ ಹಬ್ ಹೊಸ ವೀಲ್‌ನ ತನ್ನ ಅಚ್ಚಿಗೆ ತಕ್ಕಂಗೆ ಕೊರೆಯುತ್ತೆ. ಹಬ್ಬೂ ವೀಲೂ ಜೋಡಿ. ಒಂದನ್ನ ಹೊಸದು ಮಾಡಿ ಇನ್ನೊಂದನ್ನ ಹಾಗೇ ಬಿಟ್ರೆ ಹೊಸದೂ ಹಾಳು.

ಇದು ಬರೀ ಸದ್ದಿನ ವಿಷಯ ಆಗಿದ್ರೆ ನಾನು ಇಷ್ಟು ಬರೀತಿರ್ಲಿಲ್ಲ. ಬ್ರೇಕ್ ಡಿಸ್ಕೂ ಡ್ರಮ್ಮೂ ಇರೋದು ಹಬ್ ಮೇಲೆ, ವೀಲ್ ಮೇಲಲ್ಲ. ಹಲ್ಲು ಪೂರ್ತಿ ತಿಂದುಹೋದ್ರೆ ನೀವು ಬ್ರೇಕ್ ಒತ್ತಿದಾಗ ಹಬ್ ನಿಲ್ಲುತ್ತೆ, ವೀಲ್ ತಿರುಗ್ತಾನೇ ಇರುತ್ತೆ. ಹಿಂದಿನ ವೀಲ್ ಆದ್ರೆ ಹ್ಯಾಂಡ್ ಬ್ರೇಕೂ ಆ ಕಡೆ ಹಿಡಿಯಲ್ಲ. ವೈರ್ ವೀಲ್ ಇರೋ ಹಳೇ ಕಾರು ತಗೊಳ್ಳೋರು ಪೇಂಟ್ ನೋಡೋಕೆ ಮುಂಚೆ ದಯವಿಟ್ಟು ಒಂದು ವೀಲ್ ಬಿಚ್ಚಿಸಿ ಹಲ್ಲು ನೋಡಿ.

ಈಗ ದಾರಿ ಮೂರಿತ್ತು. ವೈರ್ ವೀಲೇ ಬಿಟ್ಟು ಬೋಲ್ಟ್ ಹಾಕೋ ಅಲಾಯ್‌ಗೆ ಹೋಗೋದು ಒಂದು, ಹಿಂದಿನ ಎರಡು ಹಬ್ ಮಾತ್ರ ಬದಲಾಯಿಸೋದು ಇನ್ನೊಂದು, ನಾಲ್ಕೂ ಹಬ್ ಜೊತೆಗೆ ವೀಲೂ ಹೊಸದು ಮಾಡೋದು ಮೂರನೇದು. ಅಲಾಯ್ ಬಗ್ಗೆ ನಾನು ತುಂಬಾ ಯೋಚಿಸ್ದೆ. ಮಿನಿಲೈಟ್ ಮಾದರಿದು, ಎಂಟು ಕಡ್ಡಿಯ ಅಲಾಯ್, 60ರ ದಶಕದ ರ‍್ಯಾಲಿ ಕಾರುಗಳಲ್ಲಿ ನೋಡಿರ್ತೀರಿ, ಈ ಕಾರಿಗೆ ಒಪ್ಪುತ್ತೆ ಕೂಡ. ಟ್ಯೂಬ್ ಬೇಡ, ತೊಳೆಯೋದು ಸುಲಭ, ಯಾವ ಟೈರ್ ಅಂಗಡಿಲಾದ್ರೂ ಬ್ಯಾಲೆನ್ಸ್ ಆಗುತ್ತೆ. ಆದ್ರೆ ವೈರ್ ವೀಲ್ ಕಾರಿನ ಹಿಂದಿನ ಆಕ್ಸಲ್ಲೇ ಬೇರೆ, ಬೋಲ್ಟ್ ವೀಲ್ ಕಾರಿಂದಕ್ಕಿಂತ ಒಟ್ಟು ಒಂದು ಮುಕ್ಕಾಲು ಇಂಚು ಗಿಡ್ಡ. ಹಬ್ ಬದಲಾಯಿಸಿ ಮಾಮೂಲಿ ಎಂಜಿಬಿ ಅಲಾಯ್ ಹಾಕಿದ್ರೆ ವೀಲ್ ಒಳಗೆ ಹೋಗಿಬಿಡುತ್ತೆ, ಅದಕ್ಕೆ ಆಫ್‌ಸೆಟ್ (ವೀಲ್ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತೆ ಅನ್ನೋದು) ಲೆಕ್ಕ ಹಾಕಿ ಹುಡುಕಿ ತರಬೇಕು, 4 ಬೋಲ್ಟಿನ 114.3 ಮಿಲಿಮೀಟರ್ ಪಿಸಿಡಿ, ಅಂದ್ರೆ ಬೋಲ್ಟ್ ತೂತುಗಳ ವೃತ್ತದ ವ್ಯಾಸ, ಸರಿ ಇದ್ರೆ ಸಾಲಲ್ಲ. ಚಳಿಗಾಲದಲ್ಲಿ ಉಪ್ಪು ಹಾಕಿರೋ ರೋಡಲ್ಲಿ ದಿನಾ ಓಡಿಸೋ ಕಾರಾಗಿದ್ರೆ ನಾನು ಕಣ್ಣು ಮುಚ್ಕೊಂಡು ಅಲಾಯ್‌ಗೆ ಹೋಗ್ತಿದ್ದೆ. ನಾನು ಓಡಿಸೋದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಕಾರು ಫ್ಯಾಕ್ಟರಿಯಿಂದ ಬಂದಿದ್ದು ಕಡ್ಡಿ ವೀಲಲ್ಲಿ, ಅದಕ್ಕೇ ಮೂರನೇ ದಾರಿ ಹಿಡಿದೆ. ಈ ಸಲ ಕ್ರೋಮ್ ಬೇಡ, ಸಿಲ್ವರ್ ಪೇಂಟಿನ 60 ಕಡ್ಡಿದೇ ಸಾಕು ಅನ್ನಿಸ್ತು. ಕ್ರೋಮ್‌ಗೆ ಕೊಟ್ಟಿದ್ದ ದುಡ್ಡಿನ ವ್ಯತ್ಯಾಸದಲ್ಲೇ ಹಬ್ ಬಂದುಬಿಡ್ತಿತ್ತು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಹಬ್ ಆರ್ಡರ್ ಮಾಡೋವಾಗ ಒಂದು ಎಚ್ಚರ. ನಟ್ ಕೂರೋ ಥ್ರೆಡ್ (ತಿರುಪಿನ ಸುತ್ತು) ಹಳೇ ಕಾರುಗಳಲ್ಲಿ ಇಂಚಿಗೆ 12, ಆಮೇಲಿನವಕ್ಕೆ ಇಂಚಿಗೆ 8. ಇನ್ನೂ ಮುಖ್ಯ ಎಡ ಬಲ. ಕಾರಿನ ಎಡಗಡೆ ಹಬ್‌ಗೆ ಮಾಮೂಲಿ ಬಲಗೈ ಥ್ರೆಡ್ (ಬಲಕ್ಕೆ ತಿರುಗಿಸಿದ್ರೆ ಬಿಗಿ), ಬಲಗಡೆ ಹಬ್‌ಗೆ ಎಡಗೈ ಥ್ರೆಡ್ (ಎಡಕ್ಕೆ ತಿರುಗಿಸಿದ್ರೆ ಬಿಗಿ). ಕಾರು ಮುಂದಕ್ಕೆ ಹೋದಂಗೆ ನಟ್ ತಾನಾಗೇ ಬಿಗಿಯಾಗ್ಲಿ ಅಂತ ಈ ಏರ್ಪಾಡು. ಅದಲು ಬದಲಾದ್ರೆ ಹೋಗ್ತಾ ಹೋಗ್ತಾ ನಟ್ ಬಿಚ್ಕೊಂಡು ವೀಲ್ ನಿಮ್ಮನ್ನ ಓವರ್‌ಟೇಕ್ ಮಾಡುತ್ತೆ. ನೆನಪಿಟ್ಕೊಳ್ಳೋಕೆ ಸುಲಭ ದಾರಿ: ವೀಲ್ ಮುಂದಕ್ಕೆ ತಿರುಗೋ ದಿಕ್ಕಿಗೆ ಸುತ್ತಿಗೆಲಿ ಹೊಡೆದ್ರೆ ನಟ್ ಬಿಚ್ಚಬೇಕು, ಹಿಂದಕ್ಕೆ ಹೊಡೆದ್ರೆ ಬಿಗಿಯಾಗ್ಬೇಕು. ನನಗೆ ಬಂದ ಡಬ್ಬದಲ್ಲಿ ನಾಲ್ಕೂ ಹಬ್ ಸರಿಯಾಗೇ ಇತ್ತು, ಆದ್ರೂ ಒಂದೊಂದಕ್ಕೂ ನಟ್ ತಿರುಗಿಸಿ ನೋಡಿ ಚಾಕ್‌ಪೀಸಲ್ಲಿ ಎಡ, ಬಲ ಅಂತ ಬರೆದಿಟ್ಟೆ.

ಮುಂದಿನ ಹಬ್ ಬಿಚ್ಚಕ್ಕೆ ಬ್ರೇಕ್ ಕ್ಯಾಲಿಪರ್ (ಡಿಸ್ಕ್‌ನ ಹಿಡಿಯೋ ಭಾಗ) ತೆಗೆದು ತಂತಿಲಿ ನೇತು ಹಾಕ್ಬೇಕು, ಹೋಸ್ ಮೇಲೆ ಭಾರ ಬಿಡಬಾರದು. ವೈರ್ ವೀಲ್ ಹಬ್ ಆಳ ಇರೋದ್ರಿಂದ ಒಳಗಿನ ನಟ್ ತಿರುಗದಂಗೆ ಹಿಡಿಯೋ ಸ್ಪ್ಲಿಟ್ ಪಿನ್ ಬಾವಿಯೊಳಗಿದ್ದಂಗೆ, ಪಕ್ಕದಲ್ಲಿ ಅದಕ್ಕಂತಲೇ ಒಂದು ತೂತು ಬಿಟ್ಟಿದ್ದಾರೆ, ಅದ್ರೊಳಗಿಂದ ಪಿನ್ ಎಳೆಯೋಕೆ ತಾಳ್ಮೆ ಬೇಕು. ಬೇರಿಂಗ್ ಹೊಸದು ಹಾಕ್ದೆ. ಇಲ್ಲಿ ಎಂಜಿಬಿದು ಒಂದು ವಿಶೇಷ ಇದೆ. ಎರಡು ಬೇರಿಂಗ್ ಮಧ್ಯೆ ಒಂದು ಕೊಳವೆ ಥರ ಸ್ಪೇಸರ್, ಅದ್ರ ಪಕ್ಕ ಕಾಗದದಷ್ಟು ತೆಳ್ಳಗಿರೋ ಶಿಮ್‌ಗಳು. ನಟ್‌ನ 40ರಿಂದ 70 ಪೌಂಡ್-ಫುಟ್‌ವರೆಗೆ (ಬಿಗಿಯೋ ಬಲದ ಅಳತೆ) ಗಟ್ಟಿಯಾಗಿ ಬಿಗಿದ ಮೇಲೂ ಹಬ್‌ನಲ್ಲಿ ಇಂಚಿನ ಸಾವಿರ ಭಾಗದಲ್ಲಿ 2ರಿಂದ 4 ಭಾಗದಷ್ಟು ಆಟ ಉಳೀಬೇಕು. ಜಾಸ್ತಿ ಇದ್ರೆ ಒಂದು ಶಿಮ್ ತೆಗೀಬೇಕು, ಕಮ್ಮಿ ಇದ್ರೆ ಸೇರಿಸ್ಬೇಕು, ಮತ್ತೆ ಬಿಗಿದು ಡಯಲ್ ಗೇಜ್ ಇಟ್ಟು ನೋಡ್ಬೇಕು. ಬಲಗಡೆದು ಐದನೇ ಸಲಕ್ಕೆ ಸರಿಹೋಯ್ತು. ಸುಮಾರು ಜನ ಈ ಕಾಟ ಬೇಡ ಅಂತ ಸ್ಪೇಸರ್ರೇ ಬಿಸಾಕಿ ಬೇರೆ ಕಾರುಗಳ ಥರ ಕೈಯಳತೆಲಿ ಬಿಗೀತಾರೆ. ನನ್ನ ಕಾರಲ್ಲೂ ಹಿಂದಿನ ಓನರ್ ಎಡಗಡೆದು ಹಾಗೇ ಮಾಡಿದ್ರು. ಸ್ಪೇಸರ್ ಇದ್ರೆ ಸ್ಟಬ್ ಆಕ್ಸಲ್‌ಗೆ (ಹಬ್ ಕೂರೋ ಗಿಡ್ಡ ಕಂಬಿ) ಆಸರೆ, ತೆಗೆದ್ರೆ ತಿರುವಿನಲ್ಲಿ ಅಷ್ಟೂ ಬಾಗೋ ಭಾರ ಅದೊಂದ್ರ ಮೇಲೇ ಬೀಳುತ್ತೆ. ಇಂಥ ಜಾಗದಲ್ಲಿ ಅರ್ಧ ದಿನ ಹೋದ್ರೂ ಹೋಗ್ಲಿ.

ಹಿಂದಿನ ಹಬ್‌ಗೆ ಬೇಕಾಗಿದ್ದು ತಾಳ್ಮೆ ಅಲ್ಲ, ರಟ್ಟೆ ಬಲ. ನಟ್ 150 ಪೌಂಡ್-ಫುಟ್ ಬಿಗಿ, ಅಂದ್ರೆ 203 ನ್ಯೂಟನ್ ಮೀಟರ್, ಅದ್ರ ಹಿಂದೆ ಸೀಳಿರೋ ಇಳಿಜಾರು ಕಾಲರ್ ಒಂದು ಐವತ್ತು ವರ್ಷದಿಂದ ಕಚ್ಕೊಂಡು ಕೂತಿತ್ತು. ಪುಲ್ಲರ್ ಹಾಕಿ, ಎಣ್ಣೆ ಬಿಟ್ಟು, ರಾತ್ರಿಯೆಲ್ಲಾ ಹಾಗೇ ಟೆನ್ಷನ್‌ನಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ಆರು ಗಂಟೆಗೆ ಗ್ಯಾರೇಜಿಂದ "ಢಂ" ಅಂತ ಸದ್ದು ಬಂತು, ತಾನಾಗೇ ಬಿಟ್ಕೊಂಡಿತ್ತು. ಆಯಿಲ್ ಸೀಲ್ ಎರಡೂ ಕಡೆ ಹೊಸದು ಹಾಕಿ ಮುಚ್ಚಿದೆ.

ಟೈರ್ ವಿಷಯದಲ್ಲಿ ನಾನು ಮೊದಲು 185/70 (ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಅದ್ರ 70 ಪರ್ಸೆಂಟ್) ಹಾಕಿದ್ದೆ, ಅಗಲ ಇದ್ರೆ ಹಿಡಿತ ಚೆನ್ನಾಗಿರುತ್ತೆ ಅಂತ. ಹಿಂದಿನ ಎಡಗಡೆ ಟೈರ್ ಕಾರಿನ ಮೈಗೆ ಉಜ್ಜೋದು, ಯಾಕಂದ್ರೆ ಎಷ್ಟೋ ಎಂಜಿಬಿಗಳಲ್ಲಿ ಆಕ್ಸಲ್ ಸರಿಯಾಗಿ ನಡುಮಧ್ಯ ಇರಲ್ಲ, ಸ್ಟೀರಿಂಗೂ ಪಾರ್ಕ್ ಮಾಡೋವಾಗ ಕಲ್ಲಿನಷ್ಟು ಭಾರ. ಈಗ 165/80 ಆರ್14 ಹಾಕಿದೀನಿ. 175/70 ಸುಲಭಕ್ಕೆ ಸಿಗುತ್ತೆ, ಆದ್ರೆ ಅದ್ರ ವ್ಯಾಸ ಸುಮಾರು 3 ಪರ್ಸೆಂಟ್ ಕಮ್ಮಿ, ಅಷ್ಟರಮಟ್ಟಿಗೆ ಇಂಜಿನ್ ಜಾಸ್ತಿ ತಿರುಗ್ಬೇಕು, ಸ್ಪೀಡೋಮೀಟರೂ ಜಾಸ್ತಿ ತೋರಿಸುತ್ತೆ.

ಮಾಮೂಲಿ ವೈರ್ ವೀಲ್‌ನಲ್ಲಿ ಪ್ರತಿ ಕಡ್ಡಿ ತುದಿಲೂ ರಿಮ್‌ನಲ್ಲಿ ತೂತು ಇರೋದ್ರಿಂದ ಗಾಳಿ ನಿಲ್ಲಲ್ಲ, ಟ್ಯೂಬ್ ಬೇಕೇ ಬೇಕು. ಸೈಕಲ್‌ಗೆ ಹಾಕೋ ಥರಾನೇ ಕಡ್ಡಿ ತಲೆಗಳ ಮೇಲೆ ರಿಮ್ ಟೇಪ್, ಅದ್ರ ಮೇಲೆ ಟ್ಯೂಬ್. ಟೈರ್ ಒಳಗೆ ಕಂಪನಿಯವ್ರು ಅಂಟಿಸಿರೋ ಕಾಗದದ ಲೇಬಲ್ ಇದ್ರೆ ಕಿತ್ತು ಹಾಕ್ಬೇಕು, ಅದ್ರ ಅಂಚೇ ಉಜ್ಜಿ ಉಜ್ಜಿ ಟ್ಯೂಬ್ ತೂತು ಮಾಡುತ್ತೆ. ಇಷ್ಟೆಲ್ಲಾ ಮಾಡಿ ಹತ್ತಿರದ ಒಂದು ಟೈರ್ ಅಂಗಡಿಲಿ ಬ್ಯಾಲೆನ್ಸ್ ಮಾಡಿಸ್ದೆ, 55 ಮೈಲಿ ವೇಗಕ್ಕೆ ಸ್ಟೀರಿಂಗ್ ಗಡಗಡ ನಡುಗ್ತು. ಅವ್ರು ಬೇರೆ ಕಾರಿನ ವೀಲ್ ಥರಾನೇ ಮಷೀನಿಗೆ ಸಿಗಿಸಿದ್ರು. ಮೇಲೆ ಹೇಳಿದ್ನಲ್ಲ, ಈ ವೀಲ್ ಸೆಂಟರ್ ಆಗೋದು ಎರಡು ಇಳಿಜಾರುಗಳ ನಡುವೆ, ಮಷೀನಲ್ಲೂ ಅವೇ ಇಳಿಜಾರುಗಳನ್ನ ಹಿಡಿಯೋ ಅಡಾಪ್ಟರ್ ಇರಬೇಕು. ಅಂಥದ್ದು ಇಟ್ಕೊಂಡಿರೋ ಜಾಗ ಹುಡುಕಿ ಒಂದೂವರೆ ಗಂಟೆ ಡ್ರೈವ್ ಮಾಡಿ ಹೋದೆ. ನಡುಕ ಪೂರ್ತಿ ಹೋಯ್ತು.

ವೀಲ್ ಬಿಚ್ಚಿದ್ದೇ ಬಿಚ್ಚಿದ್ದು, ಕೆಳಗೆ ಕಂಡಿದ್ದನ್ನೆಲ್ಲಾ ಮಾಡಿ ಮುಗಿಸ್ದೆ. ಮುಂದಿನ ಕೆಳಗಿನ ವಿಶ್‌ಬೋನ್ (ಸಸ್ಪೆನ್ಷನ್ ತೋಳು) ಕೀಲಿನ ಬುಷ್ ರಬ್ಬರ್ ಪುಡಿಪುಡಿಯಾಗಿತ್ತು, ಅಲ್ಲಿ 1973ರಿಂದ 76ರವರೆಗೆ ಬಂದ ಎಂಜಿಬಿ ಜಿಟಿ ವಿ8ರ ಬುಷ್ ಹಾಕ್ದೆ, ಅದೇ ಜಾಗಕ್ಕೆ ಕೂರುತ್ತೆ, ರಬ್ಬರ್ ಜೊತೆ ಕಬ್ಬಿಣದ ಕೊಳವೆ ಸೇರಿರೋದ್ರಿಂದ ಬೇಗ ಹಾಳಾಗಲ್ಲ. ಒಂದು ಸೆಟ್ ಬುಷ್‌ಗೆ ಆಗೋ ಖರ್ಚು ಒಂದು ಟೈರಿಗೂ ಸಮ ಅಲ್ಲ, ಆದ್ರೆ ಕಾರು ಓಡಿಸೋ ಕೈಗೆ ಅತಿ ಹೆಚ್ಚು ಬದಲಾವಣೆ ಗೊತ್ತಾಗಿದ್ದು ಅದ್ರಿಂದಾನೇ, ಕ್ರೋಮಿಂದ ಅಲ್ಲ. ಹಿಂದಿನ ಲಿವರ್ ಆರ್ಮ್ (ತೋಳಿನಂಥ ಲಿವರ್ ಇರೋ ಹಳೇ ಮಾದರಿ) ಶಾಕ್ ಅಬ್ಸಾರ್ಬರ್ ಎಣ್ಣೆ ಸೋರ್ತಿತ್ತು, ಎಲ್ಲರೂ ಉದ್ದದ ಟೆಲಿಸ್ಕೋಪಿಕ್ ಕಿಟ್ ಹಾಕು ಅಂತಾರೆ, ನಾನು ಅದೇ ಹಳೇ ಮಾದರಿದು ರೀಕಂಡಿಷನ್ ಆಗಿರೋದು ಹಾಕ್ದೆ. ಚೆನ್ನಾಗಿರೋ ಲಿವರ್ ಆರ್ಮ್ ಹೇಗಿರುತ್ತೆ ಅಂತ ನೋಡ್ದೇನೇ ಜನ ಅದನ್ನ ಬೈತಾರೆ ಅನ್ನೋದು ನನ್ನ ಅನಿಸಿಕೆ. ಸೀಟ್ ಹಿಂದೆ ಇದ್ದ ಎರಡು 6 ವೋಲ್ಟ್ ಬ್ಯಾಟರಿ ಹೋಗಿ ಒಂದೇ 12 ವೋಲ್ಟಿಂದು ಬಂತು, ಸ್ಪಾರ್ಕ್ ಸಮಯಕ್ಕೆ ಬರಿಸೋ ಹಳೇ ಪಾಯಿಂಟ್ಸ್ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್.

ಪೆಟ್ರೋಲ್ ಪೈಪ್ ಬಗ್ಗೆ ಮಾತ್ರ ಒಂದು ಮಾತು ಹೇಳ್ಬೇಕು. ಇಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಅಂದ್ರೆ 10 ಪರ್ಸೆಂಟ್ ಎಥೆನಾಲ್ ಇರೋದು, ಹಳೇ ರಬ್ಬರ್ ಹೋಸ್ ಅದಕ್ಕೆ ಒಳಗಿಂದಾನೇ ಕರಗಿ ಬಿರುಕು ಬಿಡುತ್ತೆ. ಎಥೆನಾಲ್ ತಡೆಯೋ ಹೋಸ್ ಹಾಕಿ, 5 ಪರ್ಸೆಂಟಿನ ಸೂಪರ್ ಪೆಟ್ರೋಲೇ ತುಂಬಿಸ್ತೀನಿ. ಊರಲ್ಲಿ 20 ಪರ್ಸೆಂಟ್ ಬಂದಿದೆ, ಮೈಸೂರಲ್ಲಿ ತಯಾರಾದ ಹಳೇ ಯೆಜ್ಡಿ ಇಟ್ಕೊಂಡಿರೋ ಸ್ನೇಹಿತರಿಗೂ ಇದನ್ನೇ ಹೇಳಿದೀನಿ, ಮೊದಲು ಪೈಪ್ ನೋಡ್ಕೊಳ್ರಪ್ಪಾ ಅಂತ.

40 ವರ್ಷ ದಾಟಿದ ಕಾರಿಗೆ ಇಲ್ಲಿ 2018ರ ಮೇ ತಿಂಗಳಿಂದ ವರ್ಷಾವರ್ಷ ಮಾಡಿಸೋ ಎಂಒಟಿ ಟೆಸ್ಟ್ (ರೋಡಿಗೆ ಇಳಿಯಕ್ಕೆ ಯೋಗ್ಯವಾ ಅನ್ನೋ ತಪಾಸಣೆ) ಕಡ್ಡಾಯ ಇಲ್ಲ, ತುಂಬಾ ಬದಲಾವಣೆ ಮಾಡಿರಬಾರದು ಅಷ್ಟೇ. ನಾನು ಆದ್ರೂ ಮಾಡಿಸ್ತೀನಿ, ಬೇರೆಯವರ ಕಣ್ಣಿಗೆ ಕಾಣೋದು ನಮ್ಮ ಕಣ್ಣಿಗೆ ಕಾಣಲ್ಲ. ವೀಲ್ ಸೈಜ್ ಬದಲಾದ್ರೆ ಇನ್ಶೂರೆನ್ಸ್‌ನವ್ರಿಗೆ ತಿಳಿಸ್ಲೇಬೇಕು.

ಈಗ ಹೊಸ ಜೋಡಿ ಮೇಲೆ 2,600 ಮೈಲಿ ಆಗಿದೆ. ನಟ್‌ನ ಯಾವಾಗ್ಲೂ ವೀಲ್ ನೆಲದಿಂದ ಎತ್ತಿದ್ದಾಗಲೇ ಬಿಗೀತೀನಿ, ಕಾರು ಕೂತಿರೋವಾಗ ಬಿಗಿದ್ರೆ ವೀಲ್ ಸೆಂಟರ್‌ಗೆ ಬರಲ್ಲ. ಮೊದಲ 50 ಮೈಲಿಗೆ ಒಂದ್ಸಲ ನೋಡಿದಾಗ ನಾಲ್ಕೂ ಇನ್ನೊಂದು ಸ್ವಲ್ಪ ಬಿಗಿ ತಗೊಂಡ್ವು, ಆಮೇಲಿಂದ ಅಲ್ಲಾಡಿಲ್ಲ. ವರ್ಷಕ್ಕೆರಡು ಸಲ ಬಿಚ್ಚಿ, ಹಲ್ಲುಗಳನ್ನ ಸೀಮೆಎಣ್ಣೆ ಬಟ್ಟೆಲಿ ಒರೆಸಿ, ಹೊಸ ಗ್ರೀಸ್ ಹಚ್ತೀನಿ. ಮೊನ್ನೆ ಹಚ್ತಿರೋವಾಗ ಮಾವಂಗೆ ತೋರಿಸ್ದೆ. ಅವ್ರು ಫೋನ್ ಹತ್ತಿರ ತಗೊಂಡು ಹಲ್ಲಿನ ತಲೆ ಚಪ್ಪಟೆಯಾಗಿದ್ಯಾ ಅಂತ ನೋಡಿ, "ಕೀಲೆಣ್ಣೆ ಇನ್ನೂ ಸ್ವಲ್ಪ ಹಾಕೋ, ಜಿಪುಣತನ ಮಾಡ್ಬೇಡ" ಅಂದ್ರು. ಹಾಕ್ದೆ, ವೀಲ್ ಏರಿಸ್ದೆ, ತಾಮ್ರದ ಸುತ್ತಿಗೆಲಿ ಹಿಂದಕ್ಕೆ ನಾಲ್ಕು ಏಟು ಕೊಟ್ಟು ಜಾಕ್ ಇಳಿಸ್ದೆ, ರಿವರ್ಸ್ ತಗೊಂಡು ಫಸ್ಟ್ ಗೇರ್ ಹಾಕಿ ಕಿಟಕಿ ತೆಗೆದು ಕಿವಿಗೊಟ್ಟು ಕ್ಲಚ್ ಬಿಟ್ಟೆ. ಇಂಜಿನ್ ಸದ್ದೊಂದೇ ಕೇಳಿಸ್ತು.